ಹತ್ತಕ್ಷರದ ಮೇಷ್ಟ್ರು

ಅವರ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಬಾಯಿಂದ ‘ಸ’ ಹೊರಡುವಾಗ ಆ ಸಂದಿಯಿಂದ ಸಣ್ಣದೊಂದು ಸೀಟಿಯೂ ಹೊರಡುತ್ತಿತ್ತು. ಒಂದನೇ ತರಗತಿಯ ಮಕ್ಕಳು ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುವವರು. ಹಾಗಾಗಿ ಅವರ ಕೈಯಲ್ಲಿ ಓದು ಕಲಿತ ಮಕ್ಕಳೆಲ್ಲ, ಹಲ್ಲು ನೆಟ್ಟಗಿದ್ದರೂ, ‘ಸ’ ಬಂದಲ್ಲೆಲ್ಲ ಸೀಟಿ ಹಾಕುತ್ತಿದ್ದರು. ನಾಲ್ಕನೇ ತರಗತಿಗೆ ಬಂದರೂ ಕೆಲವರಿಗೆ ಅದು ಹೋಗುತ್ತಿರಲಿಲ್ಲ.

“ಮೈಸೂರಿಗೆ ಹೋಗಿ ಆ ಹಲ್ಲು ಕಟ್ಟಿಸಿಕೊಂಡು ಬನ್ನಿ ಮೇಷ್ಟ್ರೇ, ಒಂದು ದಿನ ರಜ ಕೊಡುತ್ತೇನೆ” ಎಂದು ನಾನೇ ಹೇಳಿದ್ದೆ. ಕೇಳದವರಿಗೆ ರಜ ಕೊಡುವವಳಲ್ಲ ನಾನು.

“ಬೇಡಿ ಮೇಡಂ. ಮಕ್ಕಳು ‘ಸ’ ಎಲ್ಲಿದೆ ಅಂತ ಕಿವೀಲೇ ಹುಡುಕ್ತವೆ. ಹಲ್ಲು ಬಂದ್ರೆ ಗುರುತು ತಪ್ಪಿಹೋಗುತ್ತೆ” ಎಂದರು.

ಅವರೊಡನೆ ಯಾವ ಮಾತು ಆಡಿದರೂ ಹೀಗೆಯೇ ಮುಗಿಯುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಅವರು ನಮ್ಮ ಶಾಲೆಗೆ ಬಂದರು. ಬಿಳಿಗೆರೆ ಹತ್ತಿರದ ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆ, ನಾನು ಅದರ ಮುಖ್ಯೋಪಾಧ್ಯಾಯಿನಿ. ಅವರ ಊರು ತಲಕಾಡಿನ ಕಡೆ. ನಂಜನಗೂಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಬಂದ ದಿನವೇ ಒಂದನೇ ತರಗತಿ ಕೊಡಿ ಎಂದು ಕೇಳಿದರು. ಗಂಡಸರು ಯಾರೂ ಕೇಳಿ ತೆಗೆದುಕೊಳ್ಳುವ ತರಗತಿಯಲ್ಲ ಅದು. ಮೂಗು ಒರೆಸಬೇಕು, ಚಡ್ಡಿ ಗುಂಡಿ ಹಾಕಬೇಕು, ಅಳುವವರನ್ನು ಸಮಾಧಾನ ಮಾಡಬೇಕು. ಒಳ್ಳೆಯದೇ ಆಯಿತೆಂದು ಕೊಟ್ಟೆ.

ನನ್ನ ಅಭ್ಯಾಸಗಳು ಬೇರೆ. ಗಂಟೆ ಹೊಡೆದರೆ ಪಾಠ ಶುರು, ಗಂಟೆ ಹೊಡೆದರೆ ಪಾಠ ಮುಕ್ತಾಯ. ವೇಳಾಪಟ್ಟಿ ಗೋಡೆಯ ಮೇಲಿರುವುದು ನೋಡಿ ನಡೆಯುವುದಕ್ಕೆ. ಅವರಿಗೆ ಗಂಟೆ ಕಿವಿಗೇ ಬೀಳುತ್ತಿರಲಿಲ್ಲ. ಗಣಿತದ ಪೀರಿಯಡ್ಡಿನಲ್ಲೂ ನೆಲದ ಮೇಲೆ ಮಕ್ಕಳ ನಡುವೆ ಕುಳಿತು “ಗ್... ಗ್... ಈ ಕೋಣೇಲಿ ‘ಗ’ ಎಲ್ಲೆಲ್ಲಿ ಅಡಗಿದೆ ಹುಡುಕ್ರಪ್ಪ” ಎನ್ನುತ್ತಿದ್ದರು. ಮಕ್ಕಳು ಎದ್ದು ಓಡಾಡಿ ಗಡಿಯಾರ ಮುಟ್ಟಿ, ಗೋಡೆ ಮುಟ್ಟಿ, ಕೊನೆಗೆ ಗಂಗ ಎಂಬ ಹುಡುಗಿಯ ತಲೆಯನ್ನೂ ಮುಟ್ಟಿ ಕೂಗುತ್ತಿದ್ದವು. ಪಕ್ಕದ ಕೋಣೆಯಲ್ಲಿ ನನ್ನ ಮಕ್ಕಳ ಭಾಗಾಕಾರ ಕೆಟ್ಟುಹೋಗುತ್ತಿತ್ತು.

ಒಂದು ದಿನ ಬಡಗಿಯ ಮನೆಯಿಂದ ನಿಜವಾದ ಗರಗಸವನ್ನೇ ಹೊತ್ತು ತಂದರು. ಆರು ವರ್ಷದ ಮಕ್ಕಳ ಮಧ್ಯೆ ಗರಗಸ! ನಾನು ಓಡಿಹೋಗಿ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಷ್ಟರಲ್ಲಿ ಮಕ್ಕಳು ಹಲಗೆ ಕೊಯ್ಯುವ ಸದ್ದನ್ನು ಕೇಳಿ, ಅದೇ ಸದ್ದಿನಲ್ಲಿ ಗ, ರ, ಗ, ಸ ಎಂದು ಬಿಡಿಸಿ, ಮತ್ತೆ ಕೂಡಿಸಿ ಓದಿಬಿಟ್ಟಿದ್ದವು. ಅವರು ಬೋರ್ಡಿನ ಕಡೆ ತಿರುಗಿ ಇನ್ನೊಂದು ಪದ ಬರೆದರು. ಮಕ್ಕಳು ಒಂದೊಂದೇ ಅಕ್ಷರಕ್ಕೆ ಬಾಯಿ ತೆರೆದು “ಅ... ವ... ಸ... ರ... ಅವಸರ!” ಎಂದು ಕೂಗಿದವು, ಸೀಟಿ ಸಮೇತ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಮೇಷ್ಟ್ರು ನೋಡಲೇ ಇಲ್ಲ. ನೋಡದಿದ್ದುದರಿಂದಲೇ ಅದು ಯಾರ ಬಗ್ಗೆ ಎಂದು ನನಗೆ ತಿಳಿಯಿತು.

ಅವರು ಕಲಿಸುತ್ತಿದ್ದ ಕ್ರಮ ಹೊಸದೇನಲ್ಲ, ಪುಸ್ತಕದಲ್ಲಿ ಇದ್ದದ್ದೇ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಅಷ್ಟು ಕಲಿತ ಕೂಡಲೇ ಪದ. ಆದರೆ ಪುಸ್ತಕ ಹೀಗಿದ್ದರೂ ನಾವೆಲ್ಲ ಜೊತೆಗೆ ಹಳೆಯ ವರ್ಣಮಾಲೆಯನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸುತ್ತಿದ್ದೆವು. ಮನೆಯವರು ಕೇಳುವುದು ಅದನ್ನೇ. ಮೇಷ್ಟ್ರು ಮಾತ್ರ ಒಪ್ಪಲಿಲ್ಲ.

“ಹಾಡು ಬಂತು ಅಂದ್ರೆ ಮಕ್ಕಳು ಅಕ್ಷರದ ಮುಖ ನೋಡೋದು ಬಿಟ್ಟುಬಿಡ್ತವೆ ಮೇಡಂ. ಬಾಯಿ ಮುಂದೆ ಹೋಗುತ್ತೆ, ಕಣ್ಣು ಹಿಂದೆ ಉಳಿಯುತ್ತೆ.”

ಊರಿನ ಮಾತಿನಲ್ಲಿ ‘ಹ’ ಇಲ್ಲ. ಹಳ್ಳಿ ಅಳ್ಳಿ, ಹಾವು ಆವು. ಸದ್ದಿನಿಂದ ಕಲಿಸುವವರಿಗೆ ಇದೊಂದು ಕಂಟಕ. ಮೇಷ್ಟ್ರು ಮಕ್ಕಳ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ‘ಹ’ ಹೇಳಿಸುತ್ತಿದ್ದರು. ಕೈಗೆ ಬಿಸಿಯುಸಿರು ತಾಕಿದರೆ ‘ಹ’, ತಾಕದಿದ್ದರೆ ‘ಅ’. ಮಕ್ಕಳು ಮನೆಯಲ್ಲೂ ಎಲ್ಲರ ಬಾಯಿ ಮುಂದೆ ಕೈ ಹಿಡಿದು ಪರೀಕ್ಷೆ ಮಾಡತೊಡಗಿದವು. ಒಬ್ಬ ಮುದುಕಿ ಶಾಲೆಗೇ ಬಂದು ಜಗಳ ತೆಗೆದಳು.

“ನನ್ ಮೊಮ್ಮಗ ನನ್ ಬಾಯ್ಗೇ ಕೈ ಇಕ್ತಾನೆ ಕಣ್ ಮೇಷ್ಟ್ರೇ! ಆವು ಅಂದ್ರೆ ಕಡಿಯಾಕಿಲ್ವಾ? ಅದ್ಕೂ ಉಸ್ರು ಬಿಡ್ಬೇಕಾ?”

“ಕಡೀತದೆ ಅವ್ವಾ. ಮನೇಲಿ ಆವೇ ಇರ್ಲಿ. ಪುಸ್ತಕದಲ್ಲಿ ಇರೋದು ಹಾವು. ಎರಡು ಕಂಡ್ರೂ ಓಡ್ಬೇಕು ಅಷ್ಟೇ.”

ಮುದುಕಿ ನಕ್ಕು ಹೋದಳು. ಅವರ ಮೇಲೆ ಯಾರೂ ಬಹಳ ಹೊತ್ತು ಸಿಟ್ಟಾಗಿ ಇರುತ್ತಿರಲಿಲ್ಲ, ನನ್ನನ್ನು ಬಿಟ್ಟು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೋಬಳಿಯಲ್ಲಿ ಒಂದು ಕಾನ್ವೆಂಟ್ ತೆರೆಯಿತು. ಹಳದಿ ವ್ಯಾನು ನಮ್ಮ ಊರಿಗೂ ಬರತೊಡಗಿತು. ಮಕ್ಕಳ ಸಂಖ್ಯೆ ಇಳಿದರೆ ಶಾಲೆಯಲ್ಲಿ ಒಂದು ಹುದ್ದೆ ಹೋಗುತ್ತದೆ. ಹೆಚ್ಚುವರಿ ಎಂದು ಗುರುತಿಸಿ ಒಬ್ಬ ಶಿಕ್ಷಕರನ್ನು ಬೇರೆಡೆಗೆ ಕಳಿಸುತ್ತಾರೆ. ಆಗ ಸೇವೆಯಲ್ಲಿ ಎಲ್ಲರಿಗಿಂತ ಕಿರಿಯರು ಈ ಮೇಷ್ಟ್ರೇ. ಒಂದನೇ ತರಗತಿಯ ಮಕ್ಕಳು ಹೊರಟರೆ ಅವರೂ ಹೊರಡಬೇಕು. ಇದನ್ನು ನಾನು ಕೂರಿಸಿಕೊಂಡು ಬಿಡಿಸಿ ಹೇಳಿದೆ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಸ್ವಾತಂತ್ರ್ಯೋತ್ಸವದ ದಿನ ಧ್ವಜ ಹಾರಿಸಿದ ಮೇಲೆ ಆ ವರ್ಷ ಸೇರಿದ ಮಕ್ಕಳು ಮೈಕಿನ ಮುಂದೆ ನಿಂತು ಇಡೀ ವರ್ಣಮಾಲೆ ಒಪ್ಪಿಸಬೇಕು. ಅಪ್ಪಂದಿರು ನೋಡಿ ಹಿಗ್ಗಬೇಕು. “ಈ ವರ್ಷ ಇದನ್ನು ತಪ್ಪಿಸಬೇಡಿ. ಬಾಯಿಪಾಠವನ್ನೂ ಮಾಡಿಸಿ, ನಿಮ್ಮದನ್ನೂ ಮಾಡಿಸಿ” ಎಂದೆ.

“ಆಗಲಿ ಮೇಡಂ” ಎಂದರು.

ಆ ದಿನ ಬಂತು. ಶಾಲಾ ಸಮಿತಿಯ ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಮುಂದೆ ಕುಳಿತಿದ್ದರು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ ಮನುಷ್ಯ. ಮಗಳು ಭಾಗ್ಯ ಒಂದನೇ ತರಗತಿಯಲ್ಲಿದ್ದಳು. ಮೇಷ್ಟ್ರು ಮೈಕು ಹಿಡಿದು ಹೇಳಿದರು: “ನಮ್ಮ ಮಕ್ಕಳು ಹತ್ತು ಅಕ್ಷರ ಕಲಿತಿದಾರೆ. ಒಪ್ಪಿಸೋದಿಲ್ಲ, ಓದ್ತಾರೆ. ಅಧ್ಯಕ್ಷರೇ, ಬನ್ನಿ, ಒಂದು ಪದ ಬರೀರಿ.”

‘ಆಗಲಿ ಮೇಡಂ’ ಎಂದರೆ ಏನು ಅರ್ಥವೆಂದು ಆಗ ಗೊತ್ತಾಯಿತು. ತಡೆಯಲು ಏಳುವಷ್ಟರಲ್ಲಿ ಅಧ್ಯಕ್ಷರು ಬೋರ್ಡಿನ ಹತ್ತಿರ ಹೋಗಿಯೇಬಿಟ್ಟಿದ್ದರು. ಆ ದಿನಕ್ಕೆ ಒಪ್ಪುವ ಪದವನ್ನೇ, ದಪ್ಪಗೆ ಬರೆದರು: ಭಾರತ.

ಮಕ್ಕಳು ನೋಡಿದವು. ತುಟಿ ಅಲ್ಲಾಡಿಸಿದವು. ಸುಮ್ಮನಾದವು.

“ಓದಮ್ಮಾ ಭಾಗ್ಯ” ಎಂದರು ಅಪ್ಪ.

ಭಾಗ್ಯ ಸ್ವಲ್ಪವೂ ಹೆದರದೆ ಬೋರ್ಡಿನ ಹತ್ತಿರ ಹೋಗಿ ನಡುವಿನ ಅಕ್ಷರದ ಮೇಲೆ ಬೆರಳಿಟ್ಟಳು. “ಇದ್ರಲ್ಲಿ ‘ರ’ ಒಂದೇ ಅಪ್ಪ ನಮ್ದು. ಉಳಿದವು ಇನ್ನೂ ಬಂದಿಲ್ಲ.”

ಅಂಗಳಕ್ಕೆ ಅಂಗಳವೇ ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು: “ಇಂಡಿಪೆಂಡೆನ್ಸ್ ಡೇ ದಿನ ಭಾರತನೇ ಬರಾಕಿಲ್ಲ ಕಣ್ಲಾ ಇವಕ್ಕೆ! ಹತ್ತಕ್ಷರದ ಮೇಷ್ಟ್ರು!”

ಇನ್ನೊಬ್ಬ ಸೇರಿಸಿದ: “ಆ ಕಾನ್ವೆಂಟಿನವು ಆಗ್ಲೇ ಝಡ್ಡು ಮುಟ್ಟವೆ.”

ಮೇಷ್ಟ್ರು ಮಾತ್ರ ಭಾಗ್ಯಳ ತಲೆ ಸವರಿ, “ಸರಿಯಾಗಿ ಹೇಳಿದೆ ಕಣಮ್ಮ. ಗೊತ್ತಿರೋದು ಗೊತ್ತು, ಗೊತ್ತಿಲ್ಲದ್ದು ಗೊತ್ತಿಲ್ಲ” ಎಂದು ಹಿಗ್ಗುತ್ತಿದ್ದರು. ಆಮೇಲೆ ತಾವೇ ‘ನಗರ’, ‘ದಸರ’, ‘ಜನ’ ಎಂದು ಬರೆದು ಓದಿಸಿದರು. ಮಕ್ಕಳು ನಿಧಾನವಾಗಿ ಬಿಡಿಸಿ ಬಿಡಿಸಿ ಓದಿದವು. ಯಾರು ಕೇಳಿದರು? ಜನ ಚಾಕಲೇಟು ಹಂಚುವ ಕಡೆ ಎದ್ದುಹೋಗಿದ್ದರು.

ಮರುವಾರ ಅಧ್ಯಕ್ಷರು ಮಗಳ ವರ್ಗಾವಣೆ ಪತ್ರ ಕೇಳಿಕೊಂಡು ಬಂದರು. ಸಮಿತಿಯ ಅಧ್ಯಕ್ಷರೇ ಹೀಗೆ ಮಾಡಿದರೆ ಹೇಗೆ ಎಂದು ನಾನು ಗದರಿದೆ.

“ಮೇಡಮ್ಮೋರೆ, ಫ್ಯಾಕ್ಟ್ರೀಲಿ ಬೋರ್ಡೆಲ್ಲ ಇಂಗ್ಲಿಸು. ಯಾವ ಮಿಸನ್ ಮುಟ್ಬಾರ್ದು ಅಂತ ಬರ್ದವ್ರೋ ಅದ್ನೇ ಇನ್ನೊಬ್ಬನ್ನ ಕೇಳ್ಬೇಕು ನಾನು. ನನ್ ಮಗ್ಳು ಅಂಗ್ ಬಾಯ್ಬಿಟ್ಕೊಂಡು ನಿಂತ್ಕೋಬಾರ್ದು. ಅವತ್ತು ನಿಂತ್ಕೊಂಡ್ಲಲ್ಲಾ.”

“ಬಾಯಿಬಿಟ್ಟುಕೊಂಡು ನಿಲ್ಲಲಿಲ್ಲ ಅವಳು, ಬಾಯಿಬಿಟ್ಟು ಹೇಳಿದಳು” ಎಂದರು ಮೂಲೆಯಲ್ಲಿದ್ದ ಮೇಷ್ಟ್ರು. ಅಧ್ಯಕ್ಷರು ಅವರ ಕಡೆ ತಿರುಗಲಿಲ್ಲ. ಅವರ ಹಿಂದೆಯೇ ಇನ್ನೂ ನಾಲ್ಕಾರು ಮನೆಯವರು ಬಂದರು.

ಎಣಿಕೆ ಮುಗಿಯಿತು, ಹುದ್ದೆ ಹೋಯಿತು. ತಾಲ್ಲೂಕಿನಲ್ಲಿ ಖಾಲಿ ಜಾಗವಿಲ್ಲವೆಂದು ದಸರಾ ರಜ ಮುಗಿಯುತ್ತಲೇ ಅವರನ್ನು ತಿರುಮಕೂಡಲು ನರಸೀಪುರ ತಾಲ್ಲೂಕಿಗೆ, ತಲಕಾಡಿನ ಹತ್ತಿರದ ಶಾಲೆಗೆ ಹಾಕಿದರು. ಊರಿನವರು ಬೀಳ್ಕೊಡುವಾಗ “ನಿಮ್ಮೂರ್ಗೇ ಅತ್ರ ಆಯ್ತಲ್ಲ ಮೇಷ್ಟ್ರೇ, ಪುಣ್ಯ ಮಾಡಿದ್ರಿ” ಎಂದರು.

“ನನಗೆ ಹತ್ತಿರ ಆಯ್ತು. ಮಕ್ಕಳಿಗೆ ದೂರ ಆಯ್ತು” ಎಂದು ಅವರು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. ನಾನೂ ಸುಮ್ಮನಿರಲಿಲ್ಲ. “ಒಂದು ವರ್ಣಮಾಲೆ ಒಪ್ಪಿಸಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ನಿಮ್ಮ ಹಟಕ್ಕೆ ಈ ಮಕ್ಕಳು ಅರ್ಧದಲ್ಲಿ ನಿಂತವು” ಎಂದೆ. ಅವರು ಚೀಲ ಹೆಗಲಿಗೇರಿಸಿ ಹೊರಟರು. ನನಗೆ ಇನ್ನೂ ಸಿಟ್ಟು ಬಂತು.

ಉಳಿದ ಮಕ್ಕಳ ಒಂದನೇ ತರಗತಿ ನನ್ನ ಪಾಲಿಗೆ ಬಂತು. ಹಳೆಯ ರೀತಿ ಹಾಡಿಸೋಣವೆಂದು ಹೊರಟರೆ ಮಕ್ಕಳು ಹಾಡಲೊಲ್ಲವು. ನಾನು ಅಕ್ಷರ ತೋರಿಸಿದರೆ ಒಬ್ಬ ಹುಡುಗ “ಇದ್ರ ಸದ್ದು ಎಲ್ಲಿಂದ ಬತ್ತದೆ ಮೇಡಂ, ಗಂಟ್ಲಿಂದ್ಲಾ, ತುಟಿಯಿಂದ್ಲಾ?” ಎಂದು ಕೇಳಿದ. ಇಷ್ಟು ವರ್ಷ ಪಾಠ ಮಾಡಿದ್ದರೂ ಇಂಥ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ. ಕಾಗುಣಿತದವರೆಗೆ ಹೇಗೋ ತಳ್ಳಿದೆ. ಒತ್ತಕ್ಷರ ಬಂದಾಗ ಇಡೀ ತರಗತಿ ನಿಂತುಹೋಯಿತು. ‘ಅಕ್ಕ’ ಎಂದು ಬರೆದರೆ ‘ಅಕಕ’ ಎಂದು ಓದುತ್ತಿದ್ದವು.

ಮೇಷ್ಟ್ರಿಗೆ ಪತ್ರ ಹಾಕಿದೆ. ‘ಶನಿವಾರ ಮಧ್ಯಾಹ್ನ ನರಸೀಪುರ ಬಸ್ ಸ್ಟ್ಯಾಂಡಿಗೆ ಬನ್ನಿ. ನಾನೂ ಬರುತ್ತೇನೆ. ಇಬ್ಬರಿಗೂ ಅರ್ಧ ದಾರಿ’ ಎಂದು ಒಂದೇ ಕಾರ್ಡಿನಲ್ಲಿ ಉತ್ತರ ಬಂತು. ಶನಿವಾರ ಬೆಳಗಿನ ಶಾಲೆ. ಬೀಗ ಹಾಕಿ, ನಂಜನಗೂಡಿಗೆ ಬಂದು, ನರಸೀಪುರದ ಬಸ್ಸು ಹಿಡಿದೆ. ಅವರು ತಲಕಾಡಿನ ಬಸ್ಸು ತಡವಾಯಿತೆಂದು ನನ್ನನ್ನು ಕಾಯಿಸಿಯೇ ಬಂದರು.

ನಾನು ಹಾಳೆ, ಪೆನ್ನು, ಅಡ್ಡಗೆರೆ ಹಾಕಿದ ಕೋಷ್ಟಕ ಎಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ. “ಮೊದಲ ವಾರ ಏನು, ಎರಡನೇ ವಾರ ಏನು, ಕ್ರಮವಾಗಿ ಹೇಳಿ.”

“ಅದಿರ್ಲಿ ಮೇಡಂ. ನೀವು ‘ಅಪ್ಪ’ ಅನ್ನಿ.”

“ಇದೇನು ಮೇಷ್ಟ್ರೇ, ನಾಲ್ಕು ಜನ ನೋಡುತ್ತಿದ್ದಾರೆ.”

“ಅನ್ನಿ ಮೇಡಂ.”

ಅಂದೆ.

“ತುಟಿ ಎರಡು ಸಲ ಕೂಡ್ತಾ? ಒಂದೇ ಸಲ. ಕೂಡಿ, ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಬಿಡ್ತು. ಆ ಇತ್ತಲ್ಲ, ಅದೇ ಒತ್ತು. ಮಕ್ಕಳಿಗೆ ಎರಡು ‘ಪ’ ಅಂತ ಹೇಳ್ಬೇಡಿ. ತುಟಿ ಮುಚ್ಚಿ ಉಸಿರು ಹಿಡೀರಿ ಅನ್ನಿ. ಕೈ ತಟ್ಟಿ, ಆಗ ಬಿಡಲಿ.”

ಆ ಬೆಂಚಿನ ಮೇಲೆ ಕುಳಿತು, ತಲೆ ನರೆಯುತ್ತಿದ್ದ ಮುಖ್ಯೋಪಾಧ್ಯಾಯಿನಿಯಾದ ನಾನು “ಅಪ್, ತಟ್ಟು, ಪ; ಅಕ್, ತಟ್ಟು, ಕ” ಎಂದು ಅಭ್ಯಾಸ ಮಾಡಿದೆ. ಕಡಲೆಕಾಯಿ ಮಾರುವವನು ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ನೋಡಿದ. “ಏನ್ ಸಾ, ಮೇಡಮ್ಮೋರ್ಗೆ ಬಿಕ್ಳಿಕೆಯಾ? ನೀರ್ ತರ್ಲಾ?” ಎಂದ. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಸೋಮವಾರ ನನ್ನ ತರಗತಿಯಲ್ಲಿ ‘ಅಕ್ಕ’ ಅಕ್ಕನೇ ಆಯಿತು.

ಆ ವರ್ಷ ಎಷ್ಟೋ ಶನಿವಾರ ಹೀಗೆ ಹೋದೆ. ಒಂದು ದಿನವಾದರೂ ಅವರು ನನ್ನ ಕೋಷ್ಟಕ ತುಂಬಲಿಲ್ಲ. “ಮೊದಲು ಆ ಹುಡುಗ ಎಲ್ಲಿ ನಿಂತ ಹೇಳಿ, ಮುಂದಿಂದು ಆಮೇಲೆ” ಎನ್ನುವರು. ಒಬ್ಬೊಬ್ಬ ಮಗುವಿನ ಹೆಸರು ಹೇಳಿ ವಿಚಾರಿಸುವರು. “ಭಾಗ್ಯ?” ಎಂದೂ ಪ್ರತಿ ಸಲ ಕೇಳುವರು. “ಅವಳು ನಮ್ಮ ಶಾಲೆಯಲ್ಲಿ ಇಲ್ಲವಲ್ಲ” ಎಂದು ನಾನೂ ಪ್ರತಿ ಸಲ ಹೇಳುವೆ.

ಏಪ್ರಿಲ್ ತಿಂಗಳಲ್ಲಿ ಅವರು ತಮ್ಮ ರಜ ಹಾಕಿ ನಮ್ಮ ಶಾಲೆಗೆ ಬಂದರು. ಚೀಲದಲ್ಲಿ ಬಿತ್ತನೆ ಬೀಜದ ಖಾಲಿ ಪೊಟ್ಟಣ, ಸೋಪಿನ ಹೊದಿಕೆ, ಹಳೆಯ ಪಂಚಾಂಗದ ಹಾಳೆ, ಮಕ್ಕಳು ಎಂದೂ ನೋಡಿರದ ಕಾಗದಗಳೇ ಇದ್ದವು. ಒಂದೊಂದು ಮಗುವಿಗೆ ಒಂದೊಂದು ಕೊಟ್ಟರು. ಮಕ್ಕಳು ಓದಿದವು. ತಡವರಿಸಿದವು, ಉಸಿರು ಹಿಡಿದವು, ಕೈ ತಟ್ಟಿದವು, ಓದಿದವು. ಶಿಫ್ಟ್ ಮುಗಿಸಿ ಬಂದ ಅಧ್ಯಕ್ಷರು ಬಾಗಿಲಿಗೆ ಒರಗಿ ನಿಂತು ಕೇಳಿ “ಓದ್ತವೆ ಕಣ್ರೀ” ಎಂದರು. ಇನ್ನೇನು ಮಗಳನ್ನು ಮರಳಿ ಕರೆತರುತ್ತಾರೆ ಎಂದುಕೊಂಡೆ.

ಜೂನ್‌ನಲ್ಲಿ ಆದದ್ದೇ ಬೇರೆ. ಕಾನ್ವೆಂಟಿನವರು ಎರಡನೇ ತರಗತಿಗೆ ಸೇರಿಸಿಕೊಳ್ಳುವಾಗ ಇಂಗ್ಲಿಷ್ ಬಾರದ ಹಳ್ಳಿ ಮಕ್ಕಳಿಂದ ಕನ್ನಡವನ್ನೇ ಓದಿಸಿ ನೋಡುತ್ತಿದ್ದರು. ನಮ್ಮ ಮಕ್ಕಳು ಓದಿಬಿಟ್ಟವು. ಓದಿದವರನ್ನೆಲ್ಲ ಅವರು ಸಂತೋಷವಾಗಿ ಸೇರಿಸಿಕೊಂಡರು. ಕಳಪೆಯಾಗಿ ಕಲಿಸಿದ್ದರೆ ನಮ್ಮಲ್ಲೇ ಉಳಿಯುತ್ತಿದ್ದವು! ಆ ಶನಿವಾರ ನರಸೀಪುರಕ್ಕೆ ಹೋಗಿ ಬಸ್ ಸ್ಟ್ಯಾಂಡಿನಲ್ಲೇ ಅವರ ಮೇಲೆ ಹರಿಹಾಯ್ದೆ. “ನೀವು ಕಲಿಸಿದಿರಿ, ನಾನು ಬಸ್ಸಿನಲ್ಲಿ ಅಲೆದು ಕಲಿಸಿದೆ, ಕಾನ್ವೆಂಟಿನವರು ಬಾಚಿಕೊಂಡು ಹೋದರು. ಏನು ಬಂತು?”

“ಓದನ್ನ ಜೊತೇಲಿ ತಗೊಂಡು ಹೋದವಲ್ಲ ಮೇಡಂ, ಬಿಟ್ಟು ಹೋಗ್ಲಿಲ್ಲವಲ್ಲ” ಎಂದರು. ಇಂಥ ಮನುಷ್ಯನಿಗೆ ಏನು ಹೇಳುವುದು? ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ.

ಅದಾಗಿ ಒಂದೆರಡು ವರ್ಷಕ್ಕೆ ಅವರ ಮೂತ್ರಪಿಂಡ ಕೆಟ್ಟಿತು. ವಯಸ್ಸು ಐವತ್ತು ಕೂಡ ಆಗಿರಲಿಲ್ಲ. ಮೈಸೂರಿನ ಆಸ್ಪತ್ರೆಗೆ ನೋಡಲು ಹೋದಾಗ ಮುಖ, ಕಾಲು ಊದಿದ್ದವು. ಮೊದಲ ಮಾತೇ “ಭಾಗ್ಯ ಓದ್ತಾಳಾ ಮೇಡಂ?”

“ಅವಳು ಕಾನ್ವೆಂಟಿನಲ್ಲಿದ್ದಾಳೆ ಮೇಷ್ಟ್ರೇ, ಈಗ ಮೂರನೇ ಕ್ಲಾಸು.”

“ಎಲ್ಲಿದಾಳೆ ಅಂತ ಕೇಳ್ಲಿಲ್ಲ. ಓದ್ತಾಳಾ ಅಂತ ಕೇಳ್ದೆ. ಹತ್ತೇ ಅಕ್ಷರ ಕೊಟ್ಟು ಕಳಿಸ್ದೆ ಅವಳನ್ನ. ಮಿಕ್ಕ ಮಕ್ಕಳಿಗೆ ನೀವಿದ್ರಿ.”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. “ಸರಿ” ಎಂದು ಕಣ್ಣು ಮುಚ್ಚಿಕೊಂಡರು.

ಅವರು ತೀರಿಹೋದ ಸುದ್ದಿಯ ಬೆನ್ನಿಗೇ ತಿಥಿಯ ಕಾರ್ಡು ಬಂತು. ಅದು ಶಾಲೆಯ ವಿಳಾಸಕ್ಕೆ ಬಂದ ದಿನ ಬೆಳಿಗ್ಗೆ, ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ಎದುರಿಗೆ ಅರಳಿಕಟ್ಟೆಯ ಹತ್ತಿರ ಮಕ್ಕಳು ಹಳದಿ ವ್ಯಾನಿಗೆ ಕಾಯುತ್ತಿದ್ದವು. ಟೈ ಕಟ್ಟಿಕೊಂಡು ಭಾಗ್ಯ ನಿಂತಿದ್ದಳು. ಪಕ್ಕದಲ್ಲಿ ಅವಳ ಅಪ್ಪ.

“ಬಾ ಇಲ್ಲಿ. ಇದನ್ನು ಓದು” ಎಂದು ಕಾರ್ಡು ಕೊಟ್ಟೆ.

“ಅವ್ಳಿಗೆ ಕನ್ನಡ ಅಷ್ಟಾಗಿ ಬರಾಕಿಲ್ಲ ಮೇಡಮ್ಮೋರೆ, ಅಲ್ಲಿ ಬರೀ ಕಾಪಿ ಮಾಡುಸ್ತಾರೆ” ಎಂದರು ಅಪ್ಪ.

ಭಾಗ್ಯ ಆಗಲೇ ಬೆರಳಿಟ್ಟಿದ್ದಳು. ಮೊದಲ ಸಾಲನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿದಳು. ಯಾರೂ ಕಲಿಸದ ಅಕ್ಷರಗಳನ್ನೂ ಅಂಗಡಿ ಬೋರ್ಡುಗಳಲ್ಲೋ ಬಸ್ಸುಗಳ ಮೇಲೋ ತಾನೇ ಹುಡುಕಿಕೊಂಡಿದ್ದಳು, ಅದೇ ಹಳೆಯ ಆಟ ಆಡುವವಳ ಹಾಗೆ. ದಪ್ಪಕ್ಷರದ ಹೆಸರಿಗೆ ಬಂದಾಗ ನಿಂತಳು. ಅಲ್ಲಿ ಒತ್ತು ಇತ್ತು. ಎರಡು ಸಲ ತಪ್ಪು ಓದಿದಳು. ದೂರದಲ್ಲಿ ವ್ಯಾನು ಕಾಣಿಸಿತು.

“ಎರಡು ಅಕ್ಷರ ಅಲ್ಲ ಅದು. ನಾಲಗೆ ಅಲ್ಲೇ ಒತ್ತಿ ಉಸಿರು ಹಿಡಿ. ಹಾಂ, ಈಗ ಕೈ ತಟ್ಟು. ಬಿಡು.”

ಅವಳು ಉಸಿರು ಹಿಡಿದಳು, ತಟ್ಟಿದಳು, ಬಿಟ್ಟಳು. ಹೆಸರು ಪೂರ್ತಿಯಾಗಿ, ಸ್ಪಷ್ಟವಾಗಿ ಬಂತು. ಇನ್ನೊಂದು ಸಲ ಓದಿದಳು. ಆಮೇಲೆ ಕಾರ್ಡಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು.

“ಇದು ನಮ್ ಮೇಷ್ಟ್ರಲ್ವಾ ಮೇಡಂ?”

ಅಧ್ಯಕ್ಷರು ಕಾರ್ಡು ಇಸಿದುಕೊಂಡು ನೋಡಿ, ಬೇರೆ ಕಡೆ ತಿರುಗಿದರು. ವ್ಯಾನಿನವನು ಹಾರನ್ನು ಹೊಡೆದ. ಅವನಿಗೂ ಒಂದು ವೇಳಾಪಟ್ಟಿ ಇತ್ತು. ಭಾಗ್ಯ ಹತ್ತಿದಳು, ಬಾಗಿಲು ಹಾಕಿಕೊಂಡಿತು, ವ್ಯಾನು ಹೋಯಿತು.

ಓದುತ್ತಾಳೆ ಮೇಷ್ಟ್ರೇ. ಹತ್ತೇ ದಿನ ಮೊದಲು ಅವಳನ್ನು ಕರೆದು ಕೇಳಿದ್ದರೆ ಬಂದು ಹೇಳಬಹುದಿತ್ತು.